ಎರಡು ಬುಡಕಟ್ಟುಗಳು, ಎರಡು ವರದಿಗಳು ಮತ್ತು ನಾವು

(ಪಣಂಬೂರಿನಲ್ಲಿ ಜರುಗಿದ ವಿಚಾರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವಿಂದು ಸೇರಿರುವ ಈ ಪಣಂಬೂರು, ನೆಲ ಕಳಕೊಳ್ಳುವುದೆಂದರೆ ಏನೆಂದು ಬಲ್ಲ ಊರು. ಇಲ್ಲಿ ನವಮಂಗಳೂರು ಬಂದರು ತಲೆಯೆತ್ತಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದರ ಬೆನ್ನಿಗೇ ರಸಗೊಬ್ಬರದ ಕಾರ್ಖಾನೆ ಬಂತು, ಕಬ್ಬಿಣದ ಅದಿರಿನ ಉಂಡೆ ಕಟ್ಟುವ ಸ್ಥಾವರ ಬಂತು. ಇದಕ್ಕಾಗಿ ಮನೆ, ತೋಟ, ಗದ್ದೆಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡ ಹತ್ತಿದವರ ಮಕ್ಕಳು ಮೊಮ್ಮಕ್ಕಳು ಈ ಸಭೆಯಲ್ಲಿರಬಹುದು. ಅವರಿಗೆ ನಾವು ಒಂದು ಪ್ರಶ್ನೆ ಕೇಳಬಯಸುತ್ತೇವೆ. ನಿಮ್ಮ ಹಿರಿಯರ ಕೈಯಲ್ಲಿ ಜಮೀನಿನ ಕಾಗದವಿತ್ತು. ಆದ್ದರಿಂದ ಪರಿಹಾರ ಕೇಳುವುದಕ್ಕೆ ಒಂದು ಆಧಾರವಿತ್ತು. ತಲೆತಲಾಂತರದಿಂದ ಒಂದೇ ನೆಲದಲ್ಲಿ ಬಾಳಿಯೂ ಒಂದು ತುಂಡು ಕಾಗದವಿಲ್ಲದವರು ಯಾವ ಕಚೇರಿಯ ಬಾಗಿಲು ಬಡಿಯಬೇಕು?

ಇಂದು ನಾವು ಮಾತನಾಡಲಿರುವುದು ಅಂತಹ ಎರಡು ಸಮುದಾಯಗಳ ಬಗ್ಗೆ. ಒಂದು ನಮ್ಮ ನೆರೆಯಲ್ಲೇ ಇರುವ ಕೊರಗರು. ಇನ್ನೊಂದು ಘಟ್ಟದ ಮೇಲಿನ ಜೇನು ಕುರುಬರು. ದೇಶದಲ್ಲಿ 75 ಸಮುದಾಯಗಳನ್ನು ಸರಕಾರವು ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದೆ. ಕರ್ನಾಟಕದಲ್ಲಿ ಈ ಪಟ್ಟಿಗೆ ಸೇರಿದವು ಇವೆರಡೇ. ಹಿಂದೆ ಈ ಪಟ್ಟಿಗೆ 'ಆದಿಮ ಬುಡಕಟ್ಟು' ಎಂಬ ಹೆಸರಿತ್ತು. 2006ರಲ್ಲಿ ಅದು ಬದಲಾಯಿತು. ಹೆಸರು ಬದಲಾದಷ್ಟು ಸುಲಭವಾಗಿ ಬದುಕು ಬದಲಾಯಿತೇ ಎಂಬುದೇ ನಮ್ಮ ಇಂದಿನ ವಿಷಯ.

ಮೊದಲು ಲೆಕ್ಕ ನೋಡೋಣ. 2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ 16,071. 2011ರಲ್ಲಿ ಅದು 14,794. ಅಂದರೆ ಹತ್ತು ವರ್ಷಗಳಲ್ಲಿ ನೂರಕ್ಕೆ ಸುಮಾರು ಎಂಟು ಮಂದಿ ಕಡಿಮೆಯಾದರು. ಇದೇ ಅವಧಿಯಲ್ಲಿ ಜೇನು ಕುರುಬರ ಸಂಖ್ಯೆ 29,828ರಿಂದ 36,076ಕ್ಕೆ ಏರಿತು. ಒಂದೇ ರಾಜ್ಯ, ಒಂದೇ ಇಲಾಖೆ, ಒಂದೇ ಪಟ್ಟಿ. ಆದರೂ ಒಂದು ಸಮುದಾಯ ಬೆಳೆಯುತ್ತಿದೆ, ಇನ್ನೊಂದು ಕರಗುತ್ತಿದೆ. ಕರಗುತ್ತಿರುವುದು ಎಲ್ಲಿ? ಶಾಲೆ, ಆಸ್ಪತ್ರೆ, ಬ್ಯಾಂಕು, ವೈದ್ಯಕೀಯ ಕಾಲೇಜುಗಳಿಗೆ ಹೆಸರಾದ, ಬುದ್ಧಿವಂತರ ಜಿಲ್ಲೆಯೆಂದು ನಾವೇ ನಮ್ಮ ಬೆನ್ನು ತಟ್ಟಿಕೊಳ್ಳುವ ಈ ಕರಾವಳಿಯಲ್ಲಿ. ಇದು ಕೊರಗರಿಗೆ ಕೇಳಬೇಕಾದ ಪ್ರಶ್ನೆಯಲ್ಲ, ನಮಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಜೇನು ಕುರುಬರ ಬದುಕು ಕಾಡಿನೊಡನೆ ಬೆಸೆದದ್ದು. ಹೆಗ್ಗಡದೇವನಕೋಟೆ, ಹುಣಸೂರು, ಕೊಡಗಿನ ಕಾಡುಗಳಲ್ಲಿ ಅವರ ಹಾಡಿಗಳಿದ್ದವು. ಜೇನು, ಗೆಡ್ಡೆ ಗೆಣಸು, ಕಾಡಿನ ಉತ್ಪನ್ನಗಳು ಅವರ ಜೀವನಾಧಾರ. ಆನೆಯನ್ನು ಪಳಗಿಸುವ ವಿದ್ಯೆ ಅವರ ರಕ್ತದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1973ರಲ್ಲಿ ಬಂಡೀಪುರದಲ್ಲಿ ಆರಂಭವಾದ ಹುಲಿ ಯೋಜನೆ, ಕಬಿನಿ ಅಣೆಕಟ್ಟು, ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಹೀಗೆ ಒಂದರ ಮೇಲೊಂದು ಬಂದಂತೆ ಅವರು ಹಾಡಿಯಿಂದ ಹೊರಗೆ ಬಿದ್ದರು. ನಿನ್ನೆಯವರೆಗೆ ಕಾಡಿನ ಮಕ್ಕಳೆನಿಸಿದ್ದವರು ಇಂದು ಅದೇ ಕಾಡಿನಲ್ಲಿ ಅತಿಕ್ರಮಣಕಾರರಾದರು. ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾದರು. ಆದಿವಾಸಿಗಳನ್ನು ಹೊರಹಾಕಿದ ಅದೇ ನಾಗರಹೊಳೆಯೊಳಗೆ ಐಷಾರಾಮಿ ಹೋಟೆಲೊಂದು ಎದ್ದು ನಿಲ್ಲಲಿತ್ತು. ಆದಿವಾಸಿಗಳು ಸಂಘಟಿತರಾಗಿ ಹೋರಾಡಿದ ಫಲವಾಗಿ 1997ರಲ್ಲಿ ರಾಜ್ಯ ಹೈಕೋರ್ಟು ಅದನ್ನು ತಡೆಯಿತು. ಅಕ್ಷರ ಬಲ್ಲವರು ಕಡಿಮೆ ಇದ್ದ ಜನರು ಗೆದ್ದ ದೊಡ್ಡ ಮೊಕದ್ದಮೆ ಅದು.

ಕೊರಗರ ಕಥೆ ಬೇರೆ. ಅವರನ್ನು ಯಾವ ಹುಲಿ ಯೋಜನೆಯೂ ಒಕ್ಕಲೆಬ್ಬಿಸಲಿಲ್ಲ. ಅವರು ಊರಿನ ಅಂಚಿನಲ್ಲೇ ಇದ್ದರು. ಊರು ಅವರನ್ನು ಒಳಗೆ ಸೇರಿಸಲಿಲ್ಲ, ಹೊರಗೆ ಹೋಗಲೂ ಬಿಡಲಿಲ್ಲ. ಬೀಳು, ಬಿದಿರುಗಳಿಂದ ಬುಟ್ಟಿ ತೊಟ್ಟಿಲು ಹೆಣೆಯುವುದು, ಡೋಲು ಬಡಿಯುವುದು, ಸತ್ತ ಜಾನುವಾರು ಸಾಗಿಸುವುದು, ಕಸ ಗುಡಿಸುವುದು, ಇಷ್ಟೇ ಅವರಿಗೆ ಗೊತ್ತುಪಡಿಸಿದ ಕೆಲಸಗಳು. ಬೀದಿಯಲ್ಲಿ ಉಗುಳಿದರೆ ನೆಲ ಮೈಲಿಗೆಯಾಗುತ್ತದೆಂದು ಕೊರಳಿಗೆ ಅಂಡೆ ಕಟ್ಟಿಕೊಂಡು ನಡೆಯುವಂತೆ ಮಾಡಿದ ಕಾಲವೂ ಇತ್ತು. ಅಂಡೆ ಕೊರಗರೆಂಬ ಹೆಸರು ಅದರ ಸಾಕ್ಷಿ. ಎಲ್ಲಕ್ಕಿಂತ ಹೇಯವಾದದ್ದು ಅಜಲು. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸಿದರೆ ತಮ್ಮ ಮನೆಯ ರೋಗ, ಪೀಡೆ ಅವರಿಗೆ ದಾಟುತ್ತದೆ ಎಂಬ ನಂಬಿಕೆ ಅದು. ಕಂಬಳದ ಗದ್ದೆಯಲ್ಲಿ ಕೋಣಗಳ ಕಾಲಿಗೆ ಗಾಜು ಚುಚ್ಚದಿರಲೆಂದು ಮೊದಲು ಕೊರಗರನ್ನು ಓಡಿಸುತ್ತಿದ್ದರು. ಕೋಣದ ಕಾಲಿಗಿದ್ದ ಬೆಲೆ ಮನುಷ್ಯನ ಕಾಲಿಗಿರಲಿಲ್ಲ. ಇದನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯ ರೂಪಿಸಿದ್ದು 2000ದಲ್ಲಿ. ಅಂದರೆ ದೇಶ ಸ್ವತಂತ್ರವಾಗಿ 50 ವರ್ಷ ಕಳೆದ ಮೇಲೆ.

ಹೋಲಿಕೆಯ ತಿರುಳು ಇಲ್ಲಿದೆ. ಜೇನು ಕುರುಬರಿಂದ ಕಿತ್ತುಕೊಂಡದ್ದು ನೆಲವನ್ನು. ಕೊರಗರಿಂದ ಕಿತ್ತುಕೊಂಡದ್ದು ಮಾನವನ್ನು. ನೆಲ ಹೋದವರ ಬಳಿ ಹಾಡಿಯ ಒಗ್ಗಟ್ಟು, ತಮ್ಮ ಕಾಡಿನ ನೆನಪು, ಇದು ನಮ್ಮದೆಂದು ಹೇಳುವ ಧೈರ್ಯ ಉಳಿಯಿತು. ಮಾನ ಕಳಕೊಂಡವರು ಊರೂರಿನ ಅಂಚಿನಲ್ಲಿ ನಾಲ್ಕು ಮನೆ, ಆರು ಮನೆಗಳಾಗಿ ಚದರಿಹೋದರು. ತಮ್ಮ ಜಾತಿಯ ಹೆಸರು ಹೇಳುವುದಕ್ಕೇ ಹಿಂಜರಿಯುವ ಸ್ಥಿತಿಗೆ ಬಂದರು.

ಅಕ್ಷರದ ವಿಷಯದಲ್ಲಿ ಕೊರಗರು ಮುಂದಿದ್ದಾರೆ. ಶಾಲೆ ಹತ್ತಿರವಿದೆ, ರಸ್ತೆಯಿದೆ, ಅವರ ನಡುವಿನಿಂದ ಪದವೀಧರರು ಬಂದಿದ್ದಾರೆ. ಸಬಿತಾ ಗುಂಡ್ಮಿಯವರಂತಹವರು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಹಂತಕ್ಕೇರಿದ್ದಾರೆ. ಕಾಡಂಚಿನ ಹಾಡಿಯ ಮಗುವಿಗೆ ಆಶ್ರಮ ಶಾಲೆಯಿಂದ ಕಾಲೇಜಿನವರೆಗಿನ ದಾರಿ ಇಂದಿಗೂ ದೂರದ್ದೇ. ಆದರೂ ಅಲ್ಲಿಂದ ಬಂದ ಸೋಮಣ್ಣನವರು ತಮ್ಮ ಜನರ ಹಕ್ಕಿಗಾಗಿ ದಶಕಗಳ ಕಾಲ ದುಡಿದು 2024ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಆದಾಯದ ವಿಷಯದಲ್ಲಿ ಇಬ್ಬರ ಬುಟ್ಟಿಯೂ ಬರಿದು. ಪ್ಲಾಸ್ಟಿಕ್ ಬಂದು ಕೊರಗರ ಹೆಣಿಗೆಯ ಬುಟ್ಟಿಗೆ ಬೇಡಿಕೆ ಇಲ್ಲವಾಯಿತು. ಬೀಳು ತರಲು ಕಾಡಿಗೆ ಹೋದರೆ ತಡೆಯುವವರಿದ್ದಾರೆ. ಆರೋಗ್ಯದ ಮಾತಿಗೆ ಬಂದರೆ ಅಪೌಷ್ಟಿಕತೆ, ರಕ್ತಹೀನತೆ ಮತ್ತು ಮದ್ಯ ಎರಡೂ ಕಡೆ ಕಾಡುತ್ತಿವೆ.

ಕಾನೂನುಗಳನ್ನೂ ಹೋಲಿಸಿ ನೋಡಿ. ಜೇನು ಕುರುಬರ ಕೈಯಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯಿದೆ. ಅದು ನೆಲ ಕೊಡುತ್ತದೆ, ಆದರೆ ಅರ್ಜಿಗಳು ತಿರಸ್ಕೃತವಾಗುತ್ತವೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಕುಟುಂಬಗಳು ಮರಳಿ ಹೋಗಿ ಗುಡಿಸಲು ಕಟ್ಟಿದ್ದು, ಕಾದು ಕಾದು ಸಾಕಾದ ಬಳಿಕವೇ. ಕೊರಗರ ಕೈಯಲ್ಲಿ ಅಜಲು ನಿಷೇಧ ಕಾಯಿದೆಯಿದೆ. ಅದು ಅವಮಾನವನ್ನು ನಿಷೇಧಿಸುತ್ತದೆ, ಆದರೆ ಅನ್ನ ಕೊಡುವುದಿಲ್ಲ. ಊರಿನ ಅಂಚಿನಲ್ಲಿ ಬದುಕುವ ಬಹುಪಾಲು ಕೊರಗರಿಗೆ ಅರಣ್ಯ ಹಕ್ಕು ಕಾಯಿದೆಯಿಂದ ಪ್ರಯೋಜನ ಅಷ್ಟಕ್ಕಷ್ಟೇ.

ಇಲ್ಲಿ ನಾವು ಎರಡು ವರದಿಗಳನ್ನು ನೆನೆಯಲೇಬೇಕು. ಕೊರಗರ ಸ್ಥಿತಿಗತಿಯನ್ನು ಅಧ್ಯಯನ ಮಾಡಿ 1994ರಲ್ಲಿ ವರದಿ ಕೊಟ್ಟವರು ಡಾ. ಮುಹಮ್ಮದ್ ಪೀರ್. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕ್ರೆ ಭೂಮಿ ಕೊಡಬೇಕೆಂದು ಆ ವರದಿ ಹೇಳಿತು. ನಾಗರಹೊಳೆಯಿಂದ ಹೊರಹಾಕಲ್ಪಟ್ಟವರ ಬಗ್ಗೆ ಹೈಕೋರ್ಟಿನ ಆದೇಶದಂತೆ ರಚಿತವಾದ ಸಮಿತಿಯ ನೇತೃತ್ವ ವಹಿಸಿದವರು ಪ್ರೊ. ಮುಝಫ್ಫರ್ ಅಸ್ಸಾದಿ. ಆ ಸಮಿತಿ 2014ರಲ್ಲಿ ವರದಿ ಸಲ್ಲಿಸಿ 3,418 ಕುಟುಂಬಗಳು ನೆಲೆ ಕಳಕೊಂಡಿವೆ ಎಂದು ಗುರುತಿಸಿತು. ಅಸ್ಸಾದಿಯವರು 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಅವರು ಗುರುತಿಸಿದ ಕುಟುಂಬಗಳು ಪೂರ್ಣ ಪುನರ್ವಸತಿಗಾಗಿ ಇನ್ನೂ ಕಾಯುತ್ತಿವೆ. ಎರಡೂವರೆ ಎಕ್ರೆಗಾಗಿ ಕೊರಗರೂ ಕಾಯುತ್ತಿದ್ದಾರೆ. ಪ್ರತಿ ವರ್ಷ ಆಗಸ್ಟ್ 18ರಂದು ಅವರು ಭೂಮಿ ಹಬ್ಬ ಆಚರಿಸುತ್ತಾರೆ. ಭೂಮಿ ಇಲ್ಲದವರ ಭೂಮಿ ಹಬ್ಬ!

ವರದಿ ಧೂಳು ತಿನ್ನುವುದೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2006ರ ಸಾಚಾರ್ ಸಮಿತಿಯ ವರದಿಯನ್ನು ನಾವು ಎಷ್ಟು ವೇದಿಕೆಗಳಲ್ಲಿ ಓದಿದ್ದೇವೆ! ಅದು ಜಾರಿಯಾಗಲೆಂದು ಎಷ್ಟು ಮನವಿಗಳನ್ನು ಕೊಟ್ಟಿದ್ದೇವೆ! ನ್ಯಾಯವಾದ ಬೇಡಿಕೆ ಅದು. ಆದರೆ ನಮ್ಮವರೇ ಆದ ಇಬ್ಬರು ವಿದ್ವಾಂಸರು ನಮಗಿಂತ ಕಷ್ಟದಲ್ಲಿರುವ ಎರಡು ಸಮುದಾಯಗಳಿಗಾಗಿ ಬರೆದ ವರದಿಗಳ ಹೆಸರನ್ನು ನಮ್ಮ ಯಾವ ಮನವಿಯಲ್ಲಾದರೂ ಸೇರಿಸಿದ್ದೇವೆಯೇ? ತನ್ನ ಹೊಟ್ಟೆಯ ಹಸಿವನ್ನಷ್ಟೇ ಹೇಳುವವನ ಮಾತಿಗೆ ತೂಕ ಕಡಿಮೆ. ಇತರರ ಹಸಿವಿಗೂ ದನಿಯಾದಾಗಲೇ ನಮ್ಮ ನ್ಯಾಯದ ಮಾತಿಗೆ ಬೆಲೆ ಬರುತ್ತದೆ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಕರಾವಳಿಯಲ್ಲಿ ಮೈಗೆ ಮಸಿ ಬಳಿದು 'ಕೊರಗ ವೇಷ' ಹಾಕಿ ಕುಣಿಯುವ ಕೆಟ್ಟ ಪದ್ಧತಿಯಿತ್ತು. ಅದು ನಮ್ಮ ಮನೆಗಳಲ್ಲಿಲ್ಲ ಎಂದು ನಾವು ಸಮಾಧಾನದಿಂದಿದ್ದೆವು. 2022ರ ಜನವರಿಯಲ್ಲಿ ವಿಟ್ಲ ಸಮೀಪ ನಮ್ಮದೇ ಸಮುದಾಯದ ವರನೊಬ್ಬ ಮದುವೆಯ ರಾತ್ರಿ ಕೊರಗಜ್ಜನನ್ನು ಹೋಲುವ ವೇಷದಲ್ಲಿ, ತಲೆಗೆ ಹಾಳೆಯ ಮುಟ್ಟಾಳೆ ಇಟ್ಟು ಕುಣಿದಾಗ ಆ ಸಮಾಧಾನ ಕಳಚಿ ಬಿತ್ತು. ಸಮುದಾಯದೊಳಗಿನಿಂದಲೂ ಖಂಡನೆ ಬಂತು, ಅದು ಒಳ್ಳೆಯದೇ. ಆದರೆ ಆ ದಿನಗಳ ಚರ್ಚೆಯೆಲ್ಲ ಎರಡು ಧರ್ಮಗಳ ನಡುವಿನ ವಾದವಾಗಿ ಮುಗಿಯಿತು. ಯಾರ ಉಡುಗೆ, ಯಾರ ಮೈಬಣ್ಣ ನಗೆಪಾಟಲಾಯಿತೋ ಆ ಜೀವಂತ ಕೊರಗರನ್ನು ಕೇಳಿದವರು ಕಡಿಮೆ. ಅದಕ್ಕೆ ಕೆಲವೇ ದಿನಗಳ ಹಿಂದೆ, 2021ರ ಡಿಸೆಂಬರಿನಲ್ಲಿ, ಕೋಟತಟ್ಟಿನ ಕೊರಗ ಕಾಲನಿಯ ಮೆಹಂದಿ ಮನೆಗೆ ಪೊಲೀಸರು ನುಗ್ಗಿ ಲಾಠಿ ಬೀಸಿದ್ದರು. ಒಂದೆಡೆ ಅವರ ವೇಷ ಹಾಕಿ ಇನ್ನೊಬ್ಬರು ಕುಣಿಯುತ್ತಾರೆ. ಇನ್ನೊಂದೆಡೆ ತಮ್ಮದೇ ಮನೆಯ ಮದುವೆಗೆ ತಾವೇ ಕುಣಿದರೆ ಅವರಿಗೆ ಏಟು ಬೀಳುತ್ತದೆ.

ಅವರ ಕಲೆ ಬೇಕು, ಅವರು ಬೇಡ. ಇದು ಘಟ್ಟದ ಮೇಲೂ ಹೀಗೆಯೇ. ಮೈಸೂರು ದಸರಾದಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆಗೆ ಲಕ್ಷಾಂತರ ಜನರು ಕೈಮುಗಿಯುತ್ತಾರೆ. ಆ ಆನೆಗಳನ್ನು ನಡೆಸುವ ಮಾವುತ ಕಾವಾಡಿಗಳಲ್ಲಿ ಅನೇಕರು ಜೇನು ಕುರುಬರು. ಜಂಬೂಸವಾರಿ ಮುಗಿದ ಮೇಲೆ ಅವರು ಯಾವ ಮನೆಗೆ ಹೋಗುತ್ತಾರೆಂದು ಕೇಳುವವರಿಲ್ಲ.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಮಾತು ಬೇಡ, ನಮ್ಮ ಮದುವೆ ಮನೆಯಿಂದಲೇ ಆರಂಭಿಸೋಣ. ಔತಣ ಮುಗಿದ ಬಳಿಕ ಉಳಿದ ಅನ್ನ, ಮಾಂಸವನ್ನು ಪಾತ್ರೆಗೆ ತುಂಬಿ 'ಕಾಲನಿಗೆ ಕೊಟ್ಟುಬಿಡಿ' ಎನ್ನುತ್ತೇವೆ. ಅದರಲ್ಲಿ ಕೂದಲು, ಉಗುರು ಇಲ್ಲ, ನಿಜ. ಉದ್ದೇಶವೂ ಒಳ್ಳೆಯದೇ. ಆದರೆ ಎಂಜಲು ಉಣ್ಣಲಿಕ್ಕೆಂದೇ ಇರುವವರು ಇವರು ಎಂಬ ಭಾವನೆ ಅಜಲಿನ ಬೇರು. ಆ ಬೇರು ನಮ್ಮ ಮನಸ್ಸಿನಲ್ಲೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಉಳಿದ ಅನ್ನ ಕಳುಹಿಸುವ ಮನೆಗೆ ಮುಂಚಿತವಾಗಿ ಆಮಂತ್ರಣ ಪತ್ರ ಕಳುಹಿಸಿದರೆ ಏನು ನಷ್ಟ? ಅವರು ಬಂದು ನಮ್ಮೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಮನುಷ್ಯರೆಲ್ಲ ಸಮಾನರೆಂದು ವೇದಿಕೆಯಲ್ಲಿ ಹೇಳುವ ನಮಗೆ ಅದನ್ನು ಊಟದ ಮೇಜಿನಲ್ಲಿ ತೋರಿಸುವ ಅವಕಾಶ ಅದು.

ಎರಡನೆಯದಾಗಿ, ನಮ್ಮ ಸಂಘಟನೆಗಳ ಕಚೇರಿಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುವ ಯುವಕರಿದ್ದಾರೆ. ಆ ಬಾಗಿಲು ನೆರೆಯ ಕೊರಗ ಮಕ್ಕಳಿಗೂ ತೆರೆದಿರಲಿ. ಜಾತಿ ಪ್ರಮಾಣ ಪತ್ರ, ಹಕ್ಕು ಪತ್ರ, ಬ್ಯಾಂಕಿನ ಖಾತೆ, ಇವೇ ಅನೇಕ ಯೋಜನೆಗಳ ಕೀಲಿಕೈ. ದುರ್ಬಲ ಬುಡಕಟ್ಟುಗಳಿಗಾಗಿ ಕೇಂದ್ರವು 2023ರ ನವೆಂಬರಿನಲ್ಲಿ ಪಿಎಂ ಜನಮನ್ ಯೋಜನೆ ಆರಂಭಿಸಿತು. ಘೋಷಣೆ ದಿಲ್ಲಿಯಲ್ಲಿ ಆಗಬಹುದು, ಆದರೆ ಕಾಲನಿಯ ಅಜ್ಜಿಯ ಕೈಗೆ ಅದು ತಲುಪಬೇಕಾದರೆ ಅರ್ಜಿ ಬರೆದುಕೊಡುವ ಒಂದು ಕೈ ಬೇಕು.

ಮೂರನೆಯದಾಗಿ, ಮುಂದಿನ ಬಾರಿ ನಾವು ಜಿಲ್ಲಾಧಿಕಾರಿಯವರಿಗೆ ಮನವಿ ಕೊಡುವಾಗ ನಮ್ಮ ಬೇಡಿಕೆಗಳ ಕೆಳಗೆ ಎರಡು ಸಾಲು ಹೆಚ್ಚು ಬರೆಯೋಣ. ಪೀರ್ ವರದಿ ಜಾರಿಯಾಗಲಿ, ಅಸ್ಸಾದಿ ವರದಿ ಜಾರಿಯಾಗಲಿ. ಇದರಲ್ಲಿ ಮತದ ಲಾಭವಿಲ್ಲ. 14 ಸಾವಿರ ಮಂದಿ ಯಾವ ಚುನಾವಣೆಯನ್ನೂ ಗೆಲ್ಲಿಸಲಾರರು, ಸೋಲಿಸಲಾರರು. ಆದ್ದರಿಂದಲೇ ರಾಜಕೀಯ ಪಕ್ಷಗಳಿಗೆ ಅವರು ಕಾಣುವುದಿಲ್ಲ. ಆದ್ದರಿಂದಲೇ ನಮಗೆ ಅವರು ಕಾಣಬೇಕು.

ಪಣಂಬೂರಿನ ಹಿರಿಯರು ಬಿಟ್ಟುಹೋದ ನೆಲದ ಮೇಲೆ ಇಂದು ಹಡಗುಗಳು ಬಂದು ನಿಲ್ಲುತ್ತವೆ. ಹಿಂದೆ ತಮ್ಮ ಮನೆ ಇಲ್ಲಿತ್ತು ಎಂದು ಮೊಮ್ಮಕ್ಕಳಿಗೆ ತೋರಿಸುವಷ್ಟಾದರೂ ಅವರಿಗೆ ಸಾಧ್ಯವಾಯಿತು. ಇದು ನಮ್ಮದು ಎಂದು ಬೆರಳು ಮಾಡಿ ತೋರಿಸಲು ಅಂಗೈಯಗಲದ ನೆಲವೂ ಇಲ್ಲದವರು ನಮ್ಮ ಬೀದಿಯನ್ನು ಮುಂಜಾನೆ ಗುಡಿಸಿ ಹೋಗುತ್ತಿದ್ದಾರೆ. ನಾಳೆ ಬೆಳಗ್ಗೆ ಅವರು ಎದುರಾದಾಗ ಮೊದಲು ಹೆಸರು ಕೇಳೋಣ, ಆ ಹೆಸರು ಹಿಡಿದೇ ಕರೆಯೋಣ. ಉಳಿದದ್ದು ಅಲ್ಲಿಂದ ಆರಂಭವಾಗಲಿ.