ನಿಲ್ಲುವ ಚೆಂಡು



ಹಗಲೆಲ್ಲ ಇತರರ ತಪ್ಪುಗಳನ್ನು ತಿದ್ದುವ ಕಸುಬಿನವರು ಸಾಯಂಕಾಲ ಆಟದ ಮೇಜಿನ ಮುಂದೆ ನಿಂತು, ತಮ್ಮ ತಪ್ಪು ಎಲ್ಲಿದೆಯೆಂದು ಕಾಣದೆ ತಬ್ಬಿಬ್ಬಾಗುವುದುಂಟು. ನಾವು ಅಂಥವರಲ್ಲಿ ಒಬ್ಬರು. ನಲವತ್ತು ದಾಟಿದ ಮೇಲೆ ಪೂಲ್ ಆಟಕ್ಕೆ ಕೈಹಾಕಿದೆವು. ಹಸುರು ಬಟ್ಟೆ ಹೊದಿಸಿದ ಮೇಜು, ಆರು ಪಾಕೆಟ್ಟುಗಳು, ಒಂದು ಬಿಳಿಯ ಚೆಂಡು, ಹದಿನೈದು ಬಣ್ಣದ ಚೆಂಡುಗಳು. ಕ್ಯೂ ಕೋಲಿನಿಂದ ಬಿಳಿಯದನ್ನು ಹೊಡೆದು ಅದರಿಂದ ಮಿಕ್ಕವುಗಳನ್ನು ಪಾಕೆಟ್ಟಿಗೆ ಕಳುಹಬೇಕು. ನೋಡುವುದಕ್ಕೆ ಇಷ್ಟೇ.

ನಾವು ಆಟವನ್ನು ತುದಿಯಿಂದ ಕಲಿಯಹೊರಟೆವು. ಬಲ್ಲವರು ಚೆಂಡನ್ನು ಹಿಂದಕ್ಕೆಳೆಯುವುದನ್ನೂ, ಅಂಚಿಗೆ ತಾಗಿಸಿ ಮೂಲೆಯಿಂದ ಮೂಲೆಗೆ ಸುತ್ತಿಸುವುದನ್ನೂ ಕಂಡು ಅದನ್ನೇ ಅನುಕರಿಸಿದೆವು. ಚೆಂಡು ಬಿದ್ದಾಗ ನಮ್ಮ ಕೌಶಲ. ಬೀಳದಿದ್ದಾಗ ಕೋಲಿನ ದೋಷ, ಬಟ್ಟೆಯ ದೋಷ, ದೀಪದ ದೋಷ. ಹೀಗಿರಲು ಒಂದು ಸಂಜೆ, ಹಿಂದಿನ ವರ್ಷ ನಮ್ಮ ತರಗತಿಯಲ್ಲಿ ಕುಳಿತಿದ್ದ ಹುಡುಗನೊಬ್ಬನಿಗೆ ಸಾಲಾಗಿ ನಾಲ್ಕು ಆಟಗಳನ್ನು ಸೋತೆವು. ಇನ್ನು ಇತ್ತ ಬರುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿ ಕೋಲನ್ನು ಗೂಟಕ್ಕೆ ಒರಗಿಸುತ್ತಿದ್ದಾಗ ಕ್ಲಬ್ಬಿನ ಮುದಿ ಮಾರ್ಕರನು ಮೆಲ್ಲನೆ ಹೇಳಿದನು: “ಸ್ವಾಮಿ, ಚೆಂಡನ್ನು ಓಡಿಸುವುದು ಆಮೇಲಾಗಲಿ. ಮೊದಲು ನಿಲ್ಲಿಸುವುದನ್ನು ಕಲಿಯಿರಿ.”

ನಿಲ್ಲಿಸುವ ಹೊಡೆತವೆಂದರೆ, ಬಿಳಿಯ ಚೆಂಡು ಬಣ್ಣದ ಚೆಂಡನ್ನು ನೇರವಾಗಿ ತಾಗಿ, ಅದನ್ನು ಮುಂದಕ್ಕೆ ಕಳುಹಿ, ತಾನು ತಾಗಿದ ಸ್ಥಳದಲ್ಲಿಯೇ ನಿಂತುಬಿಡುವುದು. ಕೇರಂ ಆಡಿ ಬೆಳೆದ ನಮಗೆ ಇದು ವಿಚಿತ್ರವಾಗಿ ತೋರಿತು. ಕೇರಮ್ಮಿನಲ್ಲಿ ಸ್ಟ್ರೈಕರು ಕಾಯಿಗಿಂತ ಸುಮಾರು ಮೂರರಷ್ಟು ತೂಕದ್ದು. ಕಾಯಿಯನ್ನು ನೇರವಾಗಿ ಹೊಡೆದರೂ ತಾನು ಅದರ ಬೆನ್ನುಹತ್ತುತ್ತದೆ. ಪೂಲಿನಲ್ಲಾದರೋ ಎರಡು ಚೆಂಡುಗಳೂ ಸಮತೂಕದವು. ಆದುದರಿಂದ ಬಿಳಿಯದು ತನ್ನ ವೇಗವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಇನ್ನೊಂದಕ್ಕೆ ಒಪ್ಪಿಸಿ ತಾನು ಬರಿಗೈಯಾಗುತ್ತದೆ.

ಆದರೆ ಒಂದು ನಿಬಂಧನೆಯುಂಟು. ತಾಗುವ ಕ್ಷಣದಲ್ಲಿ ಬಿಳಿಯ ಚೆಂಡು ಉರುಳುತ್ತಿರಬಾರದು. ಬಟ್ಟೆಯ ಮೇಲೆ ಜಾರುತ್ತಿರಬೇಕು. ಉರುಳು ಉಳಿದಿದ್ದರೆ ತಾಗಿದ ಮೇಲೂ ಮುಂದೆ ಸಾಗುತ್ತದೆ. ಹಿಮ್ಮುಖವಾದ ಭ್ರಮಣ ಉಳಿದಿದ್ದರೆ ಹಿಂದಕ್ಕೆ ಬರುತ್ತದೆ. ಬಟ್ಟೆಯ ಘರ್ಷಣೆಯು ಜಾರುವ ಚೆಂಡನ್ನು ಬರಬರುತ್ತ ಉರುಳುವಂತೆ ಮಾಡುವುದರಿಂದ, ಹತ್ತಿರದ ಚೆಂಡಿಗೆ ನಡುವಿನಲ್ಲಿ ಹೊಡೆದರೆ ಸಾಕು; ದೂರದ ಚೆಂಡಿಗೆ ನಡುವಿಗಿಂತ ಕೆಳಗೆ, ಇಲ್ಲವೆ ಹೆಚ್ಚು ಬಿರುಸಾಗಿ ಹೊಡೆಯಬೇಕು. ಫ್ರಾನ್ಸಿನ ಕೊರಿಯೋಲಿಸ್ ಎಂಬ ಗಣಿತಜ್ಞನು 1835ರಲ್ಲಿ ಬಿಲಿಯರ್ಡ್ಸ್ ಚೆಂಡುಗಳ ಚಲನೆಯನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ನಮ್ಮ ಮಾರ್ಕರನು ಆ ಹೆಸರನ್ನು ಕೇಳಿದವನಲ್ಲ. ಆದರೂ ಅವನ ಮಣಿಕಟ್ಟಿಗೆ ಆ ವಿಷಯ ತಿಳಿದಿತ್ತು.

ಒಂದೇ ಹೊಡೆತದಿಂದ ಏನಾದೀತೆಂದು ಕೇಳಬಹುದು. ಇಂಗ್ಲೆಂಡಿನ ಡಬ್ಲ್ಯು. ಜೆ. ಪೀಲ್ ಎಂಬ ಬಿಲಿಯರ್ಡ್ಸ್ ಆಟಗಾರನು ಕೆಂಪು ಚೆಂಡನ್ನು ಅದರ ಬಿಂದುವಿನಿಂದ ಮತ್ತೆಮತ್ತೆ ಮೂಲೆಯ ಪಾಕೆಟ್ಟಿಗೆ ಬೀಳಿಸುವ ಒಂದು ಹೊಡೆತದಲ್ಲಿ ಎಷ್ಟು ಪಳಗಿದ್ದನೆಂದರೆ, 1890ರಲ್ಲಿ ಒಂದೇ ಸರದಿಯಲ್ಲಿ 3,304 ಅಂಕಗಳನ್ನು ಗಳಿಸಿದನು. ಕಡೆಗೆ ನಿಯಮ ಮಾಡುವವರು ಆ ಹೊಡೆತಕ್ಕೇ ಮಿತಿಯನ್ನು ಹಾಕಬೇಕಾಯಿತು. ನಿಲ್ಲಿಸುವ ಹೊಡೆತದಿಂದ ಅಂಥ ಕೀರ್ತಿ ಬಾರದು. ಅದರ ಪ್ರಯೋಜನ ಬೇರೆ: ಅದು ಸುಳ್ಳು ಹೇಳುವುದಿಲ್ಲ. ಬಿಳಿಯ ಚೆಂಡು ಮುಂದೆ ತೆವಳಿತೆ? ಕೋಲು ಮೇಲೆ ತಾಗಿತು, ಅಥವಾ ವೇಗ ಸಾಲದು. ಹಿಂದೆ ಸರಿಯಿತೆ? ತೀರ ಕೆಳಗೆ ತಾಗಿತು. ಪಕ್ಕಕ್ಕೆ ಸರಿಯಿತೆ? ಗುರಿ ನೇರವಾಗಿರಲಿಲ್ಲ. ನಿಂತಲ್ಲೇ ಬುಗುರಿಯಂತೆ ತಿರುಗಿತೆ? ಕೋಲು ನಡುಗೆರೆಯನ್ನು ಬಿಟ್ಟು ಬದಿಗೆ ತಾಗಿತು. ದೀಪವನ್ನು ದೂರಲು ಅಲ್ಲಿ ಎಡೆಯೇ ಇಲ್ಲ.

ಇನ್ನೊಂದು ಲಾಭವುಂಟು. ಅದೇ ಹೊಡೆತವನ್ನು ಓರೆಯಾಗಿ ತಾಗುವಂತೆ ಹೊಡೆದರೆ ಬಿಳಿಯ ಚೆಂಡು ನಿಲ್ಲದೆ, ಬಣ್ಣದ ಚೆಂಡು ಹೋದ ದಾರಿಗೆ ಸುಮಾರು ಲಂಬವಾಗಿ ಹೊರಡುತ್ತದೆ. ಹೀಗೆ ಒಂದನ್ನು ಬಲ್ಲವನು, ಮುಂದಿನ ಚೆಂಡಿಗೆ ಬಿಳಿಯದು ಎಲ್ಲಿಂದ ದೊರೆತೀತೆಂಬುದನ್ನು ಮೊದಲೇ ಊಹಿಸಬಲ್ಲನು.

ನಾವು ಪಾಕೆಟ್ಟಿಗೆ ನೇರವಾಗಿ ಎರಡು ಚೆಂಡುಗಳನ್ನು ಒಂದು ಮೊಳ ಅಂತರದಲ್ಲಿಟ್ಟು ಆರಂಭಿಸಿದೆವು. ಸಾಲಾಗಿ ಹತ್ತು ಸಲ ನಿಲ್ಲಿಸುವವರೆಗೆ ಎರಡನೆಯ ಮೊಳಕ್ಕೆ ಹೋಗಬಾರದೆಂಬುದು ಮಾರ್ಕರನ ಕಟ್ಟಪ್ಪಣೆ. ಒಂಬತ್ತರಲ್ಲಿ ತಪ್ಪಿದರೆ ಮತ್ತೆ ಒಂದರಿಂದ. ಆ ಮೊದಲನೆಯ ಮೊಳಕ್ಕೆ ನಮಗೆ ಹನ್ನೊಂದು ಸಾಯಂಕಾಲಗಳು ಹಿಡಿದವು.

ಮೂರು ತಿಂಗಳ ತರುವಾಯ ಅದೇ ಹುಡುಗನೊಡನೆ ಮತ್ತೆ ನಾಲ್ಕು ಆಟಗಳನ್ನಾಡಿದೆವು. ಒಂದನ್ನು ಗೆದ್ದೆವು, ಮೂರನ್ನು ಸೋತೆವು. ಆದರೆ ಮನೆಗೆ ನಡೆದುಹೋಗುವಾಗ, ಯಾವ ಹೊಡೆತದಲ್ಲಿ ಏಕೆ ಸೋತೆವೆಂಬುದನ್ನು ಒಂದೊಂದಾಗಿ ಹೇಳಬಲ್ಲವರಾಗಿದ್ದೆವು. ಹಿಂದಿನ ಸೋಲಿನಂತೆ ಅದು ನಮ್ಮ ನಿದ್ರೆಯನ್ನು ಕೆಡಿಸಲಿಲ್ಲ. ಕೋಲನ್ನು ಗೂಟಕ್ಕೆ ಒರಗಿಸಿ ಮನೆಯ ದಾರಿ ಹಿಡಿಯಬೇಕೆಂದಿರುವ ಶ್ರೋತೃಗಳು ಯಾರಾದರೂ ಇದ್ದರೆ, ಅದಕ್ಕೆ ಮೊದಲು ಒಂದು ಮೊಳದ ಅಂತರವನ್ನು ಪರೀಕ್ಷಿಸಿ ನೋಡಬೇಕೆಂದು ಅವರನ್ನು ಪ್ರಾರ್ಥಿಸುತ್ತೇವೆ.