ದಡದ ಮೇಲೊಂದು ದಿನ



ನಾವು ಮೂವರು ನಿವೃತ್ತ ಗುಮಾಸ್ತರು ವಿಹಾರ ನೌಕೆಯಲ್ಲಿ ಭೂಮಧ್ಯ ಸಮುದ್ರಕ್ಕೆ ಹೋಗಿಬಂದ ಸಂಗತಿ ತಮಗೆ ತಿಳಿದೇ ಇದೆ. ಇಂದು ಇಟಲಿಯ ನೇಪಲ್ಸ್ ಬಂದರಿನಲ್ಲಿ ಕಳೆದ ಒಂದು ದಿನದ ಮಾತನ್ನಷ್ಟೇ ಅರಿಕೆ ಮಾಡುತ್ತೇವೆ.

ಹಡಗು ಬೆಳಿಗ್ಗೆ 7ಕ್ಕೆ ದಡ ಸೇರಿ ಸಂಜೆ 6ಕ್ಕೆ ಹೊರಡುವುದಿತ್ತು. 5-30ರೊಳಗೆ ಎಲ್ಲರೂ ಹಡಗಿನೊಳಗಿರಬೇಕು. ಹಿಂದಿನ ರಾತ್ರಿ ನಮ್ಮಲ್ಲೇ ಜಗಳ. ಒಬ್ಬರಿಗೆ ವೆಸೂವಿಯಸ್ ಬೆಟ್ಟ ಹತ್ತುವಾಸೆ, ಒಬ್ಬರಿಗೆ ಕಾಪ್ರಿ ದ್ವೀಪ, ಇನ್ನೊಬ್ಬರಿಗೆ ಪೊಂಪೇಯಿ. ವರ್ಷಗಟ್ಟಲೆ ಕೂಡಿಟ್ಟ ಹಣ, ಮತ್ತೆ ಬರುವ ಯೋಗವಿಲ್ಲ, ಹಂಬಲ ಸಹಜವೇ. ಕೊನೆಗೆ ಕಾಗದ ತೆಗೆದು, ಸಂಜೆಯಿಂದ ಬೆಳಿಗ್ಗೆಯ ಕಡೆಗೆ ಲೆಕ್ಕ ಹಾಕಿದೆವು. 4ಕ್ಕೆ ಬಂದರಿನಲ್ಲಿರಬೇಕಾದರೆ 2-30ಕ್ಕೆ ಪೊಂಪೇಯಿ ಬಿಡಬೇಕು. ಒಂದೇ ಸ್ಥಳಕ್ಕೆ ಹೊತ್ತು ಸಾಕೆಂದು ಕಾಗದವೇ ಹೇಳಿತು.

ಬಂದರಿನಿಂದ ಗ್ಯಾರಿಬಾಲ್ಡಿ ನಿಲ್ದಾಣಕ್ಕೆ ಅರ್ಧ ಗಂಟೆಯ ನಡಿಗೆ. ಅಲ್ಲಿ ಸೊರೆಂಟೊ ಕಡೆಯ ಗಾಡಿ ಹತ್ತಿದರೆ ಸುಮಾರು 40 ನಿಮಿಷಕ್ಕೆ ಪೊಂಪೇಯಿ. ಕ್ರಿ. ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಲ್ಲಿ ಹೂತುಹೋದ ಊರಿದು. 1748ರಲ್ಲಿ ಅಗೆತ ಆರಂಭವಾಯಿತು. ಅರಮನೆಯಂಥ ಮನೆಗಳಿಗಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ರೊಟ್ಟಿಯ ಅಂಗಡಿ: ಬೀಸುವ ಕಲ್ಲು, ಪಕ್ಕದಲ್ಲೇ ಒಲೆ. ಬೀದಿಯ ಕಲ್ಲಿನಲ್ಲಿ ಬಂಡಿಯ ಚಕ್ರದ ಗೆರೆಗಳು. ದುಡಿದು ಉಂಡವರ ಊರು ಎಂದುಕೊಂಡೆವು.

ಹಿಂದಿರುಗುವಾಗ, ನಾಲ್ಕು ದಶಕ ಲೋಕಲ್ ಗಾಡಿಯಲ್ಲಿ ಓಡಾಡಿದ ನಾವೇ ವಿರುದ್ಧ ದಿಕ್ಕಿನ ಗಾಡಿ ಹತ್ತಿಬಿಟ್ಟೆವು! ತಿಳಿದು ಇಳಿದು, ಮರಳಿ ಬರುವಷ್ಟರಲ್ಲಿ ಒಂದು ಗಂಟೆ ಹೋಯಿತು. ಬಂದರು ಮುಟ್ಟಿದಾಗ 5-10. ಬೆಟ್ಟವನ್ನೂ ಸೇರಿಸಿಕೊಂಡಿದ್ದರೆ ಹಡಗಿನ ಬೆನ್ನನ್ನೇ ನೋಡುತ್ತಿದ್ದೆವು.

ಹೋಗುವವರಿಗೆ ನಾಲ್ಕು ಮಾತು. ಪೊಂಪೇಯಿಗೆ 2024ರ ನವೆಂಬರಿನಿಂದ ದಿನಕ್ಕೆ 20,000 ಜನರ ಮಿತಿಯಿದೆ, ಟಿಕೆಟ್ಟಿನಲ್ಲಿ ಹೆಸರಿರುತ್ತದೆ. ಮೊದಲೇ ಕೊಳ್ಳಿರಿ, ಗುರುತಿನ ಪತ್ರ ಒಯ್ಯಿರಿ. ಗಡಿಯಾರ ಹಡಗಿನ ವೇಳೆಗಿರಲಿ. ಬಂದರಿನಲ್ಲಿ ಹಡಗಿನ ಪರವಾಗಿರುವ ಏಜೆಂಟರ ದೂರವಾಣಿ ಸಂಖ್ಯೆ ಜೇಬಿನಲ್ಲಿರಲಿ. ನಡುವೆ ತುರ್ಕಿಯಂಥ ದೇಶಕ್ಕೆ ಹೋಗಿ ಮತ್ತೆ ಇಟಲಿಗೋ ಗ್ರೀಸಿಗೋ ಬರುವುದಾದರೆ, ಹಲವು ಬಾರಿ ಪ್ರವೇಶವುಳ್ಳ ಷೆಂಗೆನ್ ವೀಸಾ ಪಡೆಯಿರಿ.

ಸ್ವಂತವಾಗಿ ತಿರುಗಾಡಲು ಹೋದವರಿಗಾಗಿ ಹಡಗು ಕಾಯುವುದಿಲ್ಲ. ಆದುದರಿಂದ ಒಂದನ್ನೇ ನೋಡಿರಿ, ಚೆನ್ನಾಗಿ ನೋಡಿರಿ. ತಪ್ಪು ಮಾಡಲಿಕ್ಕೂ ಒಂದು ಗಂಟೆ ಉಳಿಸಿಕೊಳ್ಳಿರಿ.