ನಾಲಗೆ ಸೋತವರ ಮಾತು

ಮನೆಯ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದು ಮಾತು ಹೋಯಿತೆನ್ನಿ. ನೋಡಲು ಬಂದವರು ಮಂಚದ ಬಳಿಯೇ ನಿಂತು ಮನೆಯವರನ್ನು ಕೇಳುತ್ತಾರೆ: “ಇವರಿಗೆ ಗುರುತು ಸಿಕ್ಕುತ್ತದೆಯೇ?” ಮಲಗಿದವರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ಮಾತಿನ ಜೊತೆಗೆ ಬುದ್ಧಿಯೂ ಹೋಯಿತೆಂಬ ಈ ಎಣಿಕೆ ಬಹಳ ಹಳೆಯ ತಪ್ಪು.

1861ರಲ್ಲಿ ಪ್ಯಾರಿಸ್ಸಿನ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯರು ಒಬ್ಬ ರೋಗಿಯನ್ನು ಕಂಡರು. ಏನು ಕೇಳಿದರೂ ಅವನು ‘ತಾನ್, ತಾನ್’ ಎನ್ನುತ್ತಿದ್ದ. ಆದರೂ ಕೇಳಿದ್ದರಲ್ಲಿ ಬಹುಪಾಲು ಅವನಿಗೆ ತಿಳಿಯುತ್ತಿತ್ತು. ಸಂಖ್ಯೆಗಳನ್ನು ಬೆರಳಿನಿಂದ ತೋರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಮೆದುಳಿನ ಎಡಪಾರ್ಶ್ವದ ಮುಂಭಾಗದಲ್ಲಿ ಗಾಯ ಕಂಡುಬಂತು.

ಮಾತು ಹೋಗುವುದರಲ್ಲಿ ಎರಡು ಬಗೆಯುಂಟು. ಕೆಲವರಿಗೆ ನಾಲಗೆ, ತುಟಿ, ಗಂಟಲಿನ ಸ್ನಾಯುಗಳು ಸೋತಿರುತ್ತವೆ. ಪದಗಳೆಲ್ಲ ಮನಸ್ಸಿನಲ್ಲಿ ಭದ್ರವಾಗಿರುತ್ತವೆ. ಇನ್ನು ಕೆಲವರಿಗೆ ಪದಗಳೇ ಕೈಗೆ ಸಿಗದೆ ಜಾರುತ್ತವೆ. ಎರಡೂ ಕೂಡಿ ಬರುವುದೂ ಉಂಟು. ಮೊದಲ ಬಗೆಯವರಿಗೆ ಅಕ್ಷರದ ಹಲಗೆ ಬಹಳ ಉಪಕಾರಿ. ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್ ದೊಮಿನಿಕ್ ಬೋಬಿಗೆ 1995ರಲ್ಲಿ ಪಾರ್ಶ್ವವಾಯುವಾಗಿ ಎಡಗಣ್ಣಿನ ರೆಪ್ಪೆಯೊಂದೇ ಉಳಿಯಿತು. ಎದುರಿಗಿದ್ದವರು ಅಕ್ಷರಗಳನ್ನು ಹೇಳುತ್ತ ಹೋಗುವುದು, ಬೇಕಾದದ್ದು ಬಂದಾಗ ಇವರು ರೆಪ್ಪೆ ಬಡಿಯುವುದು. ಹೀಗೆಯೇ ಒಂದು ಪುಸ್ತಕವನ್ನು ಬರೆಯಿಸಿದರು. ಅದು 1997ರಲ್ಲಿ ಪ್ರಕಟವಾಯಿತು.

ಈ ಕೆಲಸಕ್ಕೆ ನಮ್ಮ ವರ್ಣಮಾಲೆ ಹೇಳಿಮಾಡಿಸಿದಂತಿದೆ! ಹಲಗೆಯ ಮೇಲೆ ಏಳು ಸಾಲು ಬರೆಯಿರಿ: ಸ್ವರಗಳದೊಂದು, ಕ, ಚ, ಟ, ತ, ಪ ವರ್ಗಗಳವು ಐದು, ಯ-ಕಾರದಿಂದ ಮುಂದಿನದೊಂದು. ರೋಗಿಗೆ ನೀರು ಬೇಕು. ಅ-ಕಾರದಿಂದ ಒಂದೊಂದಾಗಿ ಹೇಳುತ್ತ ಹೋದರೆ ನ ಬರುವ ಹೊತ್ತಿಗೆ 30ಕ್ಕೂ ಹೆಚ್ಚು ಅಕ್ಷರ ದಾಟಬೇಕು. ಮೊದಲು ಸಾಲನ್ನು ಕೇಳಿ, ಆಮೇಲೆ ಸಾಲಿನೊಳಗೆ ಕೇಳಿದರೆ ಹತ್ತನೆಯ ಪ್ರಶ್ನೆಗೇ ನ ಸಿಕ್ಕಿತು. ಕಾಗುಣಿತವನ್ನು ಆಗಲೇ ಕೇಳಿ ದಣಿಸಬೇಡಿ. ನ, ರ ಎರಡು ಬಂದೊಡನೆ “ನೀರು ತಾನೆ?” ಎಂದು ವಿಚಾರಿಸಿದರಾಯಿತು. ಅಲ್ಲವೆಂದರೆ ಮುಂದುವರಿಯಿರಿ.

ಇದಕ್ಕೆಲ್ಲ ಮುಂಚೆ ‘ಹೌದು’, ‘ಇಲ್ಲ’ಗಳಿಗೆ ಸನ್ನೆ ಗೊತ್ತುಮಾಡಿಕೊಳ್ಳಬೇಕು. ಉತ್ತರ ನಿಮಗೆ ತಿಳಿದಿರುವ ನಾಲ್ಕಾರು ಪ್ರಶ್ನೆ ಕೇಳಿ, ಸನ್ನೆ ನಂಬತಕ್ಕದ್ದೇ ಎಂದು ನೋಡಿಕೊಳ್ಳಿ.

ಪದಗಳೇ ಜಾರಿದವರಿಗೆ ಅಕ್ಷರಗಳೂ ತೊಡಕಾಗುವುದು ಸಾಮಾನ್ಯ. ಅವರಿಗೆ ಮನೆಯವರ ಭಾವಚಿತ್ರ, ತಟ್ಟೆ, ಲೋಟ, ಹೊದಿಕೆಗಳ ಚಿತ್ರಗಳನ್ನು ರಟ್ಟಿನ ಮೇಲೆ ಅಂಟಿಸಿ ಕೊಡಬಹುದು. ಚಿತ್ರವನ್ನು ಮುಟ್ಟಿದರೆ ಮಾತನಾಡುವ ಉಪಕರಣಗಳೂ ಈಗ ಇವೆ. ಯಾರಿಗೆ ಯಾವುದು ಒಪ್ಪುತ್ತದೆಂಬುದನ್ನು ವಾಕ್ ಚಿಕಿತ್ಸಕರು ಪರೀಕ್ಷಿಸಿ ಹೇಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಆರಂಭವಾದದ್ದು ಇಂಥ ಕಾರ್ಯಗಳಿಗಾಗಿಯೇ.

ಹಲಗೆ ಬಂದ ಮೇಲೂ ಮನೆಯವರ ಅವಸರ ಅದನ್ನು ಕೆಡಿಸುವುದುಂಟು. ಬೆರಳು ಅರ್ಧ ದಾರಿಯಲ್ಲಿರುವಾಗಲೇ “ಕಾಫಿಯೇ? ಮಾತ್ರೆಯೇ?” ಎಂದು ನಾಲ್ಕು ಬಾಯಿ ಒಟ್ಟಿಗೆ ಕೇಳಿದರೆ ಪಾಪ, ಅವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಒಬ್ಬರೇ ಕೇಳಿ, ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಹಲಗೆಯಲ್ಲಿ ಊಟ, ನೀರು, ನೋವುಗಳಷ್ಟೇ ಇದ್ದರೆ ಸಾಲದು. ‘ಬೇಡ’, ‘ಆಮೇಲೆ’, ‘ನಾನು ಹೇಳಿದ್ದು ಅದಲ್ಲ’, ‘ನನ್ನನ್ನೂ ಕೇಳಿ’ ಎಂಬುವೂ ಕೈಗೆಟುಕುವಂತೆ ಮೇಲಿನ ಸಾಲಿನಲ್ಲೇ ಇರಲಿ.